ಕತ್ತರಿ ಅಕ್ಕ, ಸೂಜಿ ಅಜ್ಜಿ

ಬೀಗದ ಕೈ ಮಾಡುವವನ ಅಂಗಡಿಗೂ ಔಷಧದ ಅಂಗಡಿಗೂ ನಡುವೆ ಒಂದು ರಫು ಅಂಗಡಿ ಇದೆ. ಎಷ್ಟು ಇಕ್ಕಟ್ಟೆಂದರೆ ಒಳಗಿದ್ದವರು ಹೊರಗೆ ಬರುವ ತನಕ ಹೊರಗಿದ್ದವರು ಒಳಗೆ ಹೋಗುವ ಹಾಗಿಲ್ಲ. ಕೋಟಿಗೆ ಸಿಗರೇಟಿನ ಕಿಡಿ ಬೀಳಿಸಿಕೊಂಡವರು, ಸ್ವೆಟರನ್ನು ಮೊಳೆಗೆ ಸಿಕ್ಕಿಸಿಕೊಂಡವರು, ಒಳ್ಳೆಯ ಸೂಟನ್ನು ಇಲಿಯ ಬಾಯಿಗೆ ಕೊಟ್ಟವರು ಇಲ್ಲಿಗೆ ಬರುತ್ತಾರೆ. ಕಿಟಕಿಯ ಕೆಳಗೆ ಗಿಡ್ಡ ಕುರ್ಚಿಯಲ್ಲಿ ಕೂತ ಹೆಂಗಸು ಬಟ್ಟೆಯನ್ನು ಇಸಕೊಂಡು ಮೊದಲು ತೂತನ್ನು ನೋಡುತ್ತಾಳೆ, ಆಮೇಲೆ ತಂದವರನ್ನು ನೋಡುತ್ತಾಳೆ. ಆ ಎರಡನೆಯ ನೋಟ ತಡೆದುಕೊಳ್ಳುವುದು ಕಷ್ಟ.

"ಸೇದೋವಾಗ ಕಣ್ಣು ಎಲ್ಲಿಟ್ಟಿದ್ರಿ?" ಎಂದು ಕೇಳುತ್ತಾಳೆ. ಅಥವಾ, "ಇದನ್ನ ಮೊದ್ಲು ನೀವೇ ಹೊಲಿಯೋಕೆ ಹೋದ್ರಾ? ಯಾಕೆ, ಹರಿದಿದ್ದು ಸಾಲಲಿಲ್ವಾ?"

ಬೀದಿಯವರು ಎದುರಿಗೆ ಅವಳನ್ನು ರಫು ಅಕ್ಕ ಎನ್ನುತ್ತಾರೆ, ಬೆನ್ನ ಹಿಂದೆ ಕತ್ತರಿ ಅಕ್ಕ. ಎರಡನೆಯ ಹೆಸರು ಅವಳ ಕಿವಿಗೂ ಬಿದ್ದಿದೆ. ಬೇಸರವೇನೂ ಆಗಲಿಲ್ಲ. ಮೊಂಡು ಕತ್ತರಿ ಅಂದಿದ್ದರೆ ಬೇಸರಪಡುತ್ತಿದ್ದೆ ಎಂದಳಂತೆ.

ರಫು ಎಂದರೆ ತೇಪೆಯಲ್ಲ. ತೇಪೆ ಎಲ್ಲರಿಗೂ ಕಾಣುತ್ತದೆ. ರಫು ಮಾಡುವವರು ಅದೇ ಬಟ್ಟೆಯ ಒಳಮಡಿಕೆಯಿಂದ ಒಂದೊಂದೇ ಎಳೆ ಬಿಡಿಸಿಕೊಂಡು, ತೂತಿನ ಜಾಗದಲ್ಲಿ ಅಡ್ಡ ಒಂದು, ಉದ್ದ ಒಂದು ಎಂದು ಸೂಜಿಯಲ್ಲೇ ನೇಯ್ದು ಹೊಸ ಬಟ್ಟೆ ಹುಟ್ಟಿಸಬೇಕು. ಕೆಲಸ ಚೆನ್ನಾಗಿ ಆಗಿದ್ದರೆ ಕೆಲಸ ಆಗಿದ್ದೇ ತಿಳಿಯಬಾರದು. ಗಿರಾಕಿ ಕೋಟನ್ನು ಬೆಳಕಿಗೆ ಹಿಡಿದು ತಿರುಗಿಸಿ ಮುರುಗಿಸಿ "ತೂತು ಎಲ್ಲಿತ್ತು?" ಎಂದು ಕೇಳಬೇಕು. ಅವಳು ಒಪ್ಪಿಕೊಳ್ಳುವ ಹೊಗಳಿಕೆ ಅದೊಂದೇ.

ಈ ವಿದ್ಯೆ ಕಲಿಸಿದವಳು ಅತ್ತೆ. ಅತ್ತೆಯದು ಒಂದೇ ಕಟ್ಟಳೆ. ರಫು ಕೆಟ್ಟರೆ ಹಾಕಿದ ಕೈಯೇ ಅದನ್ನು ಬಿಚ್ಚಬೇಕು. ಯಾವ ಎಳೆ ಯಾವುದರ ಕೆಳಗೆ ನುಸುಳಿದೆ ಎಂಬುದು ಹಾಕಿದ ಕೈಗೆ ಮಾತ್ರ ಗೊತ್ತು, ಬೇರೆಯವರು ಕೈ ಹಾಕಿದರೆ ತೂತು ದೊಡ್ಡದಾಗುತ್ತದೆ ಎನ್ನುತ್ತಿದ್ದಳು. ಸೊಸೆಯ ಕೆಲಸ ಹಿಡಿಸದಿದ್ದರೆ ತುಟಿಪಿಟಕ್ಕೆನ್ನದೆ ಬಟ್ಟೆಯನ್ನು ಅವಳ ಮಡಿಲಿಗೆ ಹಾಕಿ ಒಳಗೆ ಹೋಗಿಬಿಡುತ್ತಿದ್ದಳು. ಸೊಸೆ ಅಳುತ್ತ ಬಿಚ್ಚುತ್ತಿದ್ದಳು, ಬಿಚ್ಚುತ್ತ ಕಲಿಯುತ್ತಿದ್ದಳು.

ಅಂಥ ಅತ್ತೆಯ ಸೊಸೆ ಆ ಕಟ್ಟಳೆಯನ್ನು ಮುರಿದದ್ದು ಒಂದೇ ಸಲ, ಅದೂ ಹೆತ್ತ ಮಗಳ ಮೇಲೆ. ಮಗಳು ಆಗ ಅಂಗಡಿಯಲ್ಲೇ ಕೆಲಸ ಕಲಿಯುತ್ತಿದ್ದಳು. ಒಬ್ಬ ವಕೀಲರ ಕಪ್ಪು ಕೋಟಿನ ಮೊಣಕೈಯನ್ನು ಯಾರ ಸಹಾಯವೂ ಇಲ್ಲದೆ ತಾನೊಬ್ಬಳೇ ರಫು ಮಾಡಿ ಮುಗಿಸಿದ್ದಳು. ವಕೀಲರು ಬಂದು ನಿಂತಿದ್ದರು. ತಾಯಿ ಕೋಟನ್ನು ತೆಗೆದುಕೊಂಡು ಮೊಣಕೈಯ ಮೇಲೆ ಬೆರಳಾಡಿಸಿದಳು. "ಇದು ರಫು ಅಲ್ಲ, ಹುಣ್ಣಿಗೆ ಕಟ್ಟಿದ ಪಟ್ಟಿ," ಎಂದಳು. ವಕೀಲರು ನಕ್ಕರು. ಎದುರಿಗಿದ್ದವರು ನಕ್ಕರೆ ಈ ಕತ್ತರಿಗೆ ಇನ್ನಷ್ಟು ಹುರುಪು. ಅಲ್ಲೇ, ಅವರ ಕಣ್ಣೆದುರಿಗೇ, ಮಗಳು ಹಾಕಿದ ಎಳೆಗಳನ್ನೆಲ್ಲ ಸೂಜಿಯ ಮೊನೆಯಿಂದ ಸರಸರನೆ ಕಿತ್ತುಹಾಕಿದಳು.

ಮಗಳು ಬಲಗೈಯನ್ನು ಬೆನ್ನ ಹಿಂದೆ ಎಳೆದುಕೊಂಡಳು, ಏಟು ತಿಂದ ಮಗು ಎಳೆದುಕೊಳ್ಳುವ ಹಾಗೆ. ಸ್ವಲ್ಪ ದಿನಕ್ಕೆ ಬೇರೆ ಊರಿಗೆ ಹೊರಟುಹೋದಳು. ಅಲ್ಲಿ ದೊಡ್ಡದೊಂದು ಉಡುಪಿನ ಮಳಿಗೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಂದ ಮುಂದೆ ಫೋನಿನಲ್ಲಿ "ಊಟ ಆಯ್ತಾ?" "ಆಯ್ತು. ನಿಂದು?" "ಆಯ್ತು." ಇಷ್ಟೇ. ಮೂರು ವರ್ಷ ತಾಯಿ ಮಗಳಿಬ್ಬರೂ ಊಟ ಬಿಟ್ಟು ಬೇರೇನೂ ಮಾಡಿಯೇ ಇಲ್ಲವೇನೋ ಎಂಬ ಹಾಗೆ.

ಮಗಳು ಬಿಟ್ಟುಹೋದ ಸ್ಟೂಲಿನ ಮೇಲೆ ಬಂದು ಕೂತವಳು ವಾರಗಿತ್ತಿ, ಅಂದರೆ ಗಂಡನ ತಮ್ಮನ ಹೆಂಡತಿ. ಅಣ್ಣತಮ್ಮ ಇಬ್ಬರೂ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಪಾಳಿಯ ಮೇಲೆ ದುಡಿಯುವವರು, ಮನೆಯಲ್ಲಿದ್ದಾಗ ನಿದ್ದೆಯಲ್ಲಿರುವವರು, ಹಾಗಾಗಿ ಈ ಕಥೆಗೆ ಅವರಿಂದ ಉಪಕಾರವೂ ಇಲ್ಲ, ತೊಂದರೆಯೂ ಇಲ್ಲ. ವಾರಗಿತ್ತಿಗೆ ಸೂಜಿ ಹಿಡಿಯಲು ಬರುವುದಿಲ್ಲ. ಫೋನು ಹಿಡಿದರೆ ಕೆಳಗಿಡಲು ಬರುವುದಿಲ್ಲ.

"ಅಕ್ಕಾ, ನಿಮ್ಮ ಕೈಕೆಲಸ ಪ್ರಪಂಚಕ್ಕೇ ಗೊತ್ತಾಗ್ಬೇಕು," ಎಂದು ಅವಳು ವಿಡಿಯೊ ಮಾಡಿ ಹಾಕತೊಡಗಿದಳು. ಮೊದಲು ತೂತಿದ್ದ ಕೋಟು, ಆಮೇಲೆ ತೂತಿಲ್ಲದ ಕೋಟು. ನೋಡಿದವರು, "ಇದು ಬೇರೆ ಕೋಟು, ಶುದ್ಧ ಮೋಸ" ಎಂದು ಕಮೆಂಟು ಬರೆದರು. ರಫು ಅಕ್ಕನಿಗೆ ಅದು ಜೀವಮಾನದಲ್ಲೇ ಸಿಕ್ಕ ದೊಡ್ಡ ಹೊಗಳಿಕೆ ಅನ್ನಿಸಿತು. ವಾರಗಿತ್ತಿಗೆ ಅಳು ಬಂತು.

ಕಾಣದ ಕೆಲಸವನ್ನು ತೋರಿಸಿ ಫಲವಿಲ್ಲ, ಕಾಣುವ ಮುಖವನ್ನೇ ತೋರಿಸಬೇಕು ಎಂದು ವಾರಗಿತ್ತಿ ತೀರ್ಮಾನಿಸಿದಳು. ಆದರೆ ಕಪ್ಪು ಕೂದಲಿನ, ಹುಬ್ಬು ಗಂಟಿಕ್ಕಿದ, ಐವತ್ತು ದಾಟಿದ ಹೆಂಗಸನ್ನು ಯಾರು ನೋಡುತ್ತಾರೆ? ಅಜ್ಜಿಯಾದರೆ ನೋಡುತ್ತಾರೆ. ಹಾಗಾಗಿ ತಲೆಗೆ ಬಿಳಿ ಪೌಡರು ಬಂತು. ಹೆಗಲಿಗೆ ಶಾಲು ಬಂತು. ಮೂಗಿನ ತುದಿಗೆ ಔಷಧದ ಅಂಗಡಿಯವರ ಹಳೆಯ ಕನ್ನಡಕ ಬಂತು, ಅದನ್ನು ಹಾಕಿಕೊಂಡರೆ ಅವಳಿಗೆ ಸೂಜಿಯ ಕಣ್ಣೇ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಹೂವಿನ ಚಿತ್ರದ ಕಪ್ಪು, ಅದರಲ್ಲಿ ಟೀ ಇಲ್ಲ. ಟೀ ಹಾಕಿದರೆ ಅವಳು ಕುಡಿದುಬಿಡುತ್ತಾಳೆ. ಮಾತೂ ಬೇಡವೆಂದಾಯಿತು, ಏಕೆಂದರೆ ಮೊದಲ ಸಲ ಮಾತಾಡಿಸಿದಾಗ ಅಜ್ಜಿ ಹೇಳಿದ್ದು "ಆ ಹಾಳು ಲೈಟನ್ನ ಅತ್ಲಾಗೆ ತಗೊಂಡ್ಹೋಗು" ಎಂದು. ಅದರ ಬದಲು ಹಿಂದೆ ಮೆಲ್ಲನೆಯ ಸಂಗೀತ, ಕೆಳಗೆ ವಾರಗಿತ್ತಿ ಬರೆದ ಅಕ್ಷರಗಳು. "ಮೆಲ್ಲಗೆ, ಕಂದಾ. ಎಳೆಗೂ ನೋವಾಗುತ್ತದೆ."

ಅದನ್ನು ಓದಿ ರಫು ಅಕ್ಕ ತಬ್ಬಿಬ್ಬಾದಳು. "ಎಳೆಗೆ ನೋವಾಗುತ್ತಾ? ಯಾರು ಹೇಳಿದ್ದು ನಿಂಗೆ?"

"ನೀವೇ ಹೇಳಿದ್ದು ಅಕ್ಕ. ನೋಡಿ, ಇಲ್ಲಿ ಬರೆದಿದೆ."

ಹೀಗೆ ಸೂಜಿ ಅಜ್ಜಿ ಹುಟ್ಟಿದಳು. ಹುಟ್ಟಿದವಳು ನಿಲ್ಲಲಿಲ್ಲ, ಬೆಳೆದಳು. ಎಲ್ಲೆಲ್ಲಿಯೋ ಕೂತವರು ಅಜ್ಜಿಯ ಮಾತು ಓದಿ ಕಣ್ಣೊರೆಸಿಕೊಂಡರು, ಲೈಕು ಒತ್ತಿದರು, ತಮ್ಮ ಕಷ್ಟ ಬರೆದರು. ವಾರಗಿತ್ತಿ ಒಬ್ಬೊಬ್ಬರಿಗೂ "ಕಂದಾ" ಎಂದು ಉತ್ತರ ಬರೆದಳು. ರಫು ಅಕ್ಕ ಅಷ್ಟು ಹೊತ್ತೂ ಕಿಟಕಿಯ ಕೆಳಗೆ ಕೂತು ಯಾರದೋ ಪ್ಯಾಂಟಿನ ಮಂಡಿ ನೇಯುತ್ತಿದ್ದಳು. ತಾನು ಇಲ್ಲಿ ಬಾಯಿ ಮುಚ್ಚಿಕೊಂಡು ಕೂತಿರುವಾಗ ತನ್ನ ಬಾಯಿ ಊರೂರು ಸುತ್ತಿ ಮಾತಾಡುತ್ತಿರುವುದು ಹೇಗೆಂದು ಅವಳಿಗೆ ತಲೆಬುಡ ತಿಳಿಯಲಿಲ್ಲ.

ಆಮೇಲೆ ಅಜ್ಜಿಯನ್ನು ಹುಡುಕಿಕೊಂಡು ಜನ ಅಂಗಡಿಗೇ ಬರತೊಡಗಿದರು. ಒಂದು ಸಂಜೆ ಯಾರೋ ಹುಡುಗಿ ಬಾಗಿಲಲ್ಲಿ ನಿಂತು ಬಿಕ್ಕಿದಳು. "ಅಜ್ಜೀ, ನಿಮ್ಮನ್ನ ನೋಡಿದ್ರೆ ಸಾಕು ಅನ್ನಿಸಿ ಬಂದೆ. ಎಲ್ಲಾ ಬಿಟ್ಟುಬಿಡೋಣ ಅನ್ಸುತ್ತೆ. ಏನ್ಮಾಡ್ಲಿ?"

ರಫು ಅಕ್ಕ ಅವಳ ಕೈ ನೋಡಿದಳು. ಎರಡೂ ಖಾಲಿ. "ಬಟ್ಟೆ ಎಲ್ಲಿ?"

"ಬಟ್ಟೆ ತಂದಿಲ್ಲ."

"ಮತ್ತೆ ನಾನೇನು ಮಾಡ್ಲಿ?"

ಹುಡುಗಿ ಮೂಗೊರೆಸಿಕೊಂಡು ಅವಳನ್ನು ದಿಟ್ಟಿಸಿ ನೋಡಿದಳು. "ವಿಡಿಯೊದಲ್ಲಿರೋ ಅಜ್ಜಿ ಇಲ್ವಾ?"

"ಇಲ್ಲ. ಊರಿಗೆ ಹೋಗಿದ್ದಾರೆ."

"ಯಾವಾಗ ಬರ್ತಾರೆ?"

"ಹೇಳಿ ಹೋಗಿಲ್ಲ."

ಹುಡುಗಿ ಹೊರಟುಹೋದಳು. ರಫು ಅಕ್ಕನಿಗೆ ಸುಳ್ಳು ಹೇಳಿದೆನೋ ನಿಜ ಹೇಳಿದೆನೋ ಎಂದು ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ. ಅದರ ಮಾರನೆಯ ಬೆಳಿಗ್ಗೆ ಹಾಲಿನವನಿಗೆ "ಬಾ ಕಂದಾ" ಎಂದುಬಿಟ್ಟಳು. ಅವನು ಎರಡು ಹೆಜ್ಜೆ ಹಿಂದೆ ಸರಿದು, "ಹುಷಾರಾಗಿದ್ದೀರಾ ಅಕ್ಕ?" ಎಂದ. ಬಾಯಿಂದ ಜಾರಿದ ಆ ಮಾತು ಯಾರದು? ಅಜ್ಜಿಯದಾದರೆ ಅವಳು ಒಳಗೆ ಯಾವಾಗ ಬಂದಳು? ಈ ಇಕ್ಕಟ್ಟಿನ ಅಂಗಡಿಯಲ್ಲಿ ತನಗೇ ಜಾಗವಿಲ್ಲ.

ಅವಳಿಗೆ ಸಾಕಾಗಿಹೋಯಿತು. ಲೈಟು ಕಂಡರೆ ಸಾಕು, ರೇಗುತ್ತಿದ್ದಳು. ಸಂಜೆ ಸಂಜೆ ತಲೆಗೆ ಸೋಪು ಹಚ್ಚಿ ತಿಕ್ಕುತ್ತಿದ್ದಳು. ಬಚ್ಚಲಿನ ಸಣ್ಣ ಕನ್ನಡಿಯಲ್ಲಿ ಕಿವಿಯ ಪಕ್ಕದ ಬಿಳುಪು ಇನ್ನೂ ಹಾಗೇ ಕಾಣುತ್ತಿತ್ತು. "ಎಂಥಾ ದರಿದ್ರ ಪೌಡರೇ ಇದು? ತೊಳೆದ್ರೂ ಹೋಗಲ್ಲ. ಬೇರೆ ತಾ," ಎಂದು ಗೊಣಗಿದಳು. ವಾರಗಿತ್ತಿ ಏನೋ ಹೇಳಲು ಬಾಯಿ ತೆರೆದು, "ಆಯ್ತು ಅಕ್ಕ," ಎಂದಷ್ಟೇ ಹೇಳಿ ಸುಮ್ಮನಾದಳು.

ಮಗಳೂ ಫೋನಿನಲ್ಲಿದ್ದಳು, ಅಜ್ಜಿಯ ಹಾಗೆ ಊರೆಲ್ಲರ ಮುಂದೆ ಅಲ್ಲ, ತನ್ನ ಪಾಡಿಗೆ ತಾನು. ದೊಡ್ಡ ಕಿಟಕಿ, ಕಿಟಕಿಯಲ್ಲಿ ಹೂವಿನ ಕುಂಡ, ಕುಂಡದ ಪಕ್ಕ ಕಾಫಿ, ಕಾಫಿಯ ಹಿಂದೆ ನಗುವ ಮಗಳು. ಗಿರಾಕಿಗಳಿಲ್ಲದ ಮಧ್ಯಾಹ್ನ ತಾಯಿ ಆ ಚಿತ್ರಗಳನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದಳು. ಚೆನ್ನಾಗಿದ್ದಾಳೆ. ನಾನಿಲ್ಲದೆಯೇ ಚೆನ್ನಾಗಿದ್ದಾಳೆ. ಹೊಟ್ಟೆ ತಣ್ಣಗಾಗಬೇಕಿತ್ತು, ಉರಿಯುತ್ತಿತ್ತು. ತನ್ನ ಕಪ್ಪಿನಲ್ಲಿ ಟೀ ಇಲ್ಲವೆಂದು ಚೆನ್ನಾಗಿ ಬಲ್ಲ ಹೆಂಗಸು ಮಗಳ ಕಪ್ಪಿನಲ್ಲಿ ಕಾಫಿ ಇದೆಯೆಂದು ಹೇಗೆ ನಂಬಿದಳೋ, ದೇವರಿಗೇ ಗೊತ್ತು. ನಂಬಿದ್ದಂತೂ ನಿಜ.

ಹೀಗಿರುವಾಗ ಒಂದು ದಿನ ಮಗಳ ಫೋನು ಬಂತು. ದನಿ ಎಂದಿನಂತಿರಲಿಲ್ಲ, ಹಗುರವಾಗಿತ್ತು. "ಅಮ್ಮಾ, ಭಾನುವಾರ ಬರ್ತಿದ್ದೀನಿ."

"ಯಾಕೆ?" ಎಂದಳು ತಾಯಿ, ಅಭ್ಯಾಸಬಲದಿಂದ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಮಗಳು ಸಿಟ್ಟಾಗಲಿಲ್ಲ, ನಕ್ಕಳು. "ಯಾಕೆ ಅಂತ ನಿಂಗೊತ್ತಲ್ಲ. ನೀನು ಬರೆದಿದ್ದನ್ನ ಮತ್ತೆ ಮತ್ತೆ ಓದ್ದೆ. ನಿನ್ನಿಂದ ಆ ಮಾತು ಬರುತ್ತೆ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ."

ಯಾವ ಮಾತು ಎಂಬ ಪ್ರಶ್ನೆ ತುಟಿಯ ತನಕ ಬಂತು. ಅದನ್ನು ನುಂಗಿದಳು. "ಹೂಂ. ಊಟ ಆಯ್ತಾ?"

"ಆಯ್ತು. ನಿಂದು?"

ಫೋನು ಇಟ್ಟವಳೇ ವಾರಗಿತ್ತಿಯ ಮುಂದೆ ಹೋಗಿ ನಿಂತಳು. ವಾರಗಿತ್ತಿ ಲೈಟಿನ ಕೋಲನ್ನು ಬಿಗಿ ಮಾಡುತ್ತಿದ್ದಳು.

"ನಾನು ನನ್ನ ಮಗಳಿಗೆ ಏನು ಬರೆದಿದ್ದೀನಿ?"

ವಾರಗಿತ್ತಿಯ ಮುಖ ಬಿಳಿಚಿಕೊಂಡಿತು. ಕೋಲು ಕೈಬಿಟ್ಟು ವಾಲಿತು. "ಕೂತ್ಕೊಳ್ಳಿ ಅಕ್ಕ," ಎಂದು ಅವಳು ಫೋನು ಕೊಟ್ಟಳು.

ಸೂಜಿ ಅಜ್ಜಿಗೆ ಬಂದ ಮೆಸೇಜುಗಳ ರಾಶಿಯಲ್ಲಿ ಮಗಳದೂ ಇತ್ತು. "ಅಮ್ಮಾ, ಇದು ನೀನೇನಾ? ಇಷ್ಟು ಮೆತ್ತಗಾಗಿದ್ದೀಯಾ?" ಎಂದು ಬರೆದಿದ್ದಳು. ಅದರ ಕೆಳಗೆ, "ಹೌದು ಕಂದಾ, ನಾನೇ."

"ಎಲ್ರಿಗೂ ಹಾಗೇ ಬರೀತೀನಲ್ಲ ಅಕ್ಕ, ಕೈ ತಾನಾಗೇ ಬರೆದುಬಿಡ್ತು," ಎಂದಳು ವಾರಗಿತ್ತಿ. "ಆಮೇಲೆ ನೋಡಿದ್ರೆ ನಮ್ಮ ಹುಡುಗಿ. ಅಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ."

ತಾಯಿ ಕೆಳಕೆಳಗೆ ಓದುತ್ತ ಹೋದಳು. ಆ ದೊಡ್ಡ ಕಿಟಕಿ ಮಳಿಗೆಯದು, ಮಗಳ ಕೋಣೆಗೆ ಕಿಟಕಿಯೇ ಇಲ್ಲ. ಕುಂಡದ ಹೂವು ಪ್ಲಾಸ್ಟಿಕ್ಕಿನದು. ಮಗಳಿಗೆ ಮಳಿಗೆಯಲ್ಲಿ ರಫು ಕೆಲಸ ಕೊಟ್ಟಿಲ್ಲ, ಅವಳು ಬಟ್ಟೆಗಳಿಗೆ ಬೆಲೆಯ ಚೀಟಿ ಹಚ್ಚುತ್ತಾಳೆ. ಹೋದ ಚಳಿಗಾಲದಲ್ಲಿ ಹೊಟ್ಟೆಯ ಆಪರೇಷನ್ ಆಗಿತ್ತು. ಎಚ್ಚರವಾದಾಗ ಪಕ್ಕದ ಹಾಸಿಗೆಯವರ ಸುತ್ತ ನೆಂಟರಿದ್ದರು, ಇವಳ ಹಾಸಿಗೆಯ ಹತ್ತಿರ ಯಾರೂ ಇರಲಿಲ್ಲ. ಆಗ ಅವಳು ಅಜ್ಜಿಗೆ ಬರೆದಿದ್ದಳು, ಫೋನಿನಲ್ಲಿ ಇದನ್ನು ಎತ್ತಬೇಡ, ಅತ್ತುಬಿಡುತ್ತೇನೆ ಎಂದೂ ಸೇರಿಸಿದ್ದಳು. ಅಜ್ಜಿ ಉತ್ತರಿಸಿದ್ದಳು: "ನನ್ನ ಕೈ ನಿನ್ನ ಹಣೆಯ ಮೇಲಿದೆ ಎಂದುಕೋ, ಕಂದಾ. ನಿದ್ದೆ ಮಾಡು." ಆ ವಾರ ಮಗಳು ಹೊಸ ಚಿತ್ರವನ್ನೂ ಹಾಕಿದ್ದಳು, ಹಳದಿ ಹೂವಿನದು. ತಾಯಿಗೆ ಆ ಚಿತ್ರ ನೆನಪಿತ್ತು. ಅದನ್ನು ನೋಡಿ, ಇವಳಿಗೇನು, ಹಾಯಾಗಿದ್ದಾಳೆ ಎಂದುಕೊಂಡದ್ದೂ ನೆನಪಿತ್ತು.

ಎಲ್ಲಕ್ಕೂ ಕೊನೆಯಲ್ಲಿ ಅಜ್ಜಿ ಬರೆದದ್ದು ಹೀಗಿತ್ತು: "ಆ ದಿನ ವಕೀಲರ ಮುಂದೆ ನಾನು ಮಾಡಿದ್ದು ತಪ್ಪು. ನಿನ್ನ ಕೈಯಲ್ಲಿ ಚಿನ್ನವಿದೆ. ನನ್ನನ್ನು ಕ್ಷಮಿಸು, ಕಂದಾ."

"ಚಿನ್ನ ಎಲ್ಲಿತ್ತು?" ಎಂದಳು ರಫು ಅಕ್ಕ. "ಅದು ಕೆಟ್ಟ ರಫು."

"ಅಕ್ಕಾ!"

"ಆಪರೇಷನ್ ವಿಷಯ ನಂಗ್ಯಾಕೆ ಹೇಳ್ಲಿಲ್ಲ?"

"ಹೇಳ್ಬೇಡಿ ಅಂತ ಅವಳು ಬರೀಲಿಲ್ಲ. ಬರೆದಿದ್ದೇ ನಿಮಗೆ ಅಂದ್ಕೊಂಡಿದ್ಲು," ಎಂದು ವಾರಗಿತ್ತಿ ಅಳತೊಡಗಿದಳು. "ನಾನು ಹೇಳಿದ್ರೆ ನೀವು ಏನ್ಮಾಡ್ತಿದ್ರಿ 	ಅಕ್ಕ? ಫೋನ್ ಮಾಡಿ, ಹೊಟ್ಟೆ ಕೆಡೋ ತನಕ ಏನು ತಿಂತಿದ್ದೆ ಅಂತ ಬೈತಿದ್ರಿ."

ಸರಿಯಾಗಿ ಅದೇ ಮಾತು ರಫು ಅಕ್ಕನ ನಾಲಿಗೆಯ ತುದಿಯಲ್ಲಿ ತಯಾರಾಗಿ ಕೂತಿತ್ತು.

ಅವಳಿಗೆ ವಾರಗಿತ್ತಿಯ ಮೇಲೆ ಸಿಟ್ಟು ಬಂತು. ಈ ಪುಣ್ಯಾತ್ಗಿತ್ತಿ ಇಲ್ಲದಿದ್ದರೆ ಮಗಳು ಅಷ್ಟು ದಿನ ಯಾರೊಡನೆ ಮಾತಾಡುತ್ತಿದ್ದಳು ಎಂದು ಕಾಲು ಹಿಡಿಯಬೇಕು ಎಂದೂ ಅನ್ನಿಸಿತು. ಇಲ್ಲದ ಒಬ್ಬ ಅಜ್ಜಿಯ ಮೇಲೆ ಹೊಟ್ಟೆಕಿಚ್ಚೂ ಹುಟ್ಟಿತು. ಮಗಳ ಹಣೆ ಮುಟ್ಟಿದವಳು ಅವಳು. ತಪ್ಪಾಯಿತೆಂದವಳು ಅವಳು. ಭಾನುವಾರ ಮಗಳು ಬರುತ್ತಿರುವುದೂ ಅವಳನ್ನು ನೋಡುವುದಕ್ಕೇ. ಹಾಗಾದರೆ ಹೆತ್ತವಳು ಅಂದು ಎಲ್ಲಿ ಕೂರಬೇಕು?

ವಾರಗಿತ್ತಿ ಬುದ್ಧಿ ಹೇಳಿದಳು. "ಏನೂ ಹೇಳೋಕೆ ಹೋಗ್ಬೇಡಿ ಅಕ್ಕ. ಬರ್ತಿದ್ದಾಳೆ, ಅದು ಸಾಕು. 'ಬಾ ಕಂದಾ' ಅನ್ನಿ, ತಲೆ ಸವರಿ, ಅಷ್ಟೇ. ಉಳಿದಿದ್ದೆಲ್ಲ ಬರೆದಾಗಿದೆಯಲ್ಲ."

ರಫು ಅಕ್ಕ ಅಭ್ಯಾಸ ಮಾಡಿದಳು. ಗಿರಾಕಿಗಳಿಲ್ಲದಾಗ ಹ್ಯಾಂಗರಿಗೆ ತೂಗುಹಾಕಿದ ಕೋಟುಗಳಿಗೆ "ಬಾ ಕಂದಾ" ಎಂದಳು. ಅಂದು, ಯಾರಾದರೂ ಕೇಳಿಸಿಕೊಂಡರೋ ಎಂದು ಬೀದಿಯತ್ತ ಇಣುಕಿದಳು. ಹಾಲಿನವನಿಗೆ ತಾನಾಗಿ ಜಾರಿದ ಮಾತು ಈಗ ಎಳೆದರೂ ಬರಲೊಲ್ಲದು. ನಿಜ ಹೇಳಿದರೆ ಮಗಳು ಬಂದ ಬಸ್ಸಿನಲ್ಲೇ ವಾಪಸ್ಸು ಹೋಗಬಹುದು. ಹೇಳದಿದ್ದರೆ ಉಳಿಯಬಹುದು, ಆದರೆ ಉಳಿಯುವವಳು ಆ ಅಜ್ಜಿಯ ಮಗಳು. ತಪ್ಪಾಯಿತು ಎಂಬ ಮಾತು ತನ್ನದೇ ಅಲ್ಲವೇ ಎಂದು ತನ್ನನ್ನೇ ಕೇಳಿಕೊಂಡಳು. ಒಂದು ಸಲ ಹೌದೆನಿಸಿತು, ಒಂದು ಸಲ ಅಲ್ಲವೆನಿಸಿತು. ಯಾರೋ ಹೊಲಿದುಕೊಟ್ಟ ಅಂಗಿಯನ್ನು ಹಾಕಿಕೊಂಡ ಹಾಗೆ, ಅಳತೆ ಸರಿಯಿದ್ದರೂ ಮೈಗೆ ಒಗ್ಗಲಿಲ್ಲ.

ಭಾನುವಾರ ಬೆಳಿಗ್ಗೆ ವಾರಗಿತ್ತಿ ಬೇಗ ಬೇಗ ಒಂದು ವಿಡಿಯೊ ಮುಗಿಸಿಬಿಡೋಣವೆಂದಳು. ಮಗಳ ಬಸ್ಸು ಬರಲು ಇನ್ನೂ ಹೊತ್ತಿದೆ, ನೋಡುವವರು ಕಾಯುತ್ತಾರೆ, ಹೀಗೆ. ಪೌಡರು, ಶಾಲು, ಕನ್ನಡಕ, ಖಾಲಿ ಕಪ್ಪು ಎಲ್ಲ ಅವುಗಳ ಜಾಗಕ್ಕೆ ಬಂದವು. ಲೈಟು ಹೊತ್ತಿತು. ಅಷ್ಟರಲ್ಲಿ ಬಾಗಿಲು ತೆರೆದು, "ಅಮ್ಮಾ" ಎಂಬ ದನಿ ಕೇಳಿತು. ಮಗಳು ಮೊದಲಿನ ಬಸ್ಸಿಗೇ ಬಂದುಬಿಟ್ಟಿದ್ದಳು.

ತೆಳ್ಳಗಾಗಿದ್ದಳು. ಫೋನಿನ ಮಗಳಿಗಿಂತ ಕೆನ್ನೆ ಒಳಗಿತ್ತು. ಚೀಲ ಕೆಳಗಿಟ್ಟು ಓಡಿಬಂದು ತಾಯಿಯ ಕೊರಳಿಗೆ ಬಿದ್ದಳು. ಕನ್ನಡಕ ಜಾರಿತು. ಮೈಯ ಬಿಸಿ ತಾಗಿದ್ದೇ ತಡ ತಾಯಿಯ ಬಾಯಿಂದ "ಬಾ ಕಂದಾ" ಎಂಬ ಮಾತು ಹೇಗೋ ಹೊರಬಂತು. ಮಗಳು ತಲೆಯೆತ್ತಿ ನಕ್ಕಳು. ಆ ನಗು ತನ್ನ ಕಡೆಗಲ್ಲ, ತನ್ನ ಹಿಂದೆ ನಿಂತ ಇನ್ನಾರಿಗೋ ಎಂದು ತಾಯಿಗೆ ಅನ್ನಿಸಿತು. ಬಾಗಿಲ ಪಕ್ಕದಲ್ಲಿ ವಾರಗಿತ್ತಿ, ಹೀಗೇ ಮುಂದುವರಿಸಿ ಎಂದು ಕೈಸನ್ನೆ ಮಾಡುತ್ತಿದ್ದಳು.

ಆಗ ತಾಯಿಯ ಕಣ್ಣು ಮಗಳ ಕೋಟಿನ ತೋಳಿನ ಮೇಲೆ ಬಿತ್ತು. ಮೊಣಕೈಯಲ್ಲಿ ಒಂದು ರಫು ಇತ್ತು. ಮಗಳೇ ಮಾಡಿಕೊಂಡದ್ದು. ಹಳೆಯ ಕೈಯೇ, ಆದರೆ ಎಳೆಗಳು ಮೊದಲಿಗಿಂತ ಒತ್ತಾಗಿ ಕೂತಿದ್ದವು. ಬೇಡವೆಂದರೂ ಕಣ್ಣು ಅಲ್ಲೇ ನಿಂತಿತು, ಅದು ಅವಳ ಕಸುಬಿನ ಕಣ್ಣು. ಮಗಳು ಆ ನೋಟವನ್ನು ಕಂಡಳು. ಕಂಡ ಕೂಡಲೇ, ತಿಳಿದು ಮಾಡಿದ್ದಲ್ಲ, ಬಲಗೈ ಬೆನ್ನ ಹಿಂದೆ ಹೋಯಿತು.

ತಾಯಿಗೆ ಅದನ್ನು ನೋಡಲಾಗಲಿಲ್ಲ. ಸಾವಿರ ಸಲ ಕಂದಾ ಎಂದು ಬರೆದರೂ ಆ ಕೈ ಮುಂದೆ ಬಂದಿರಲಿಲ್ಲ.

"ಅದನ್ನೆಲ್ಲ ಬರೆದಿದ್ದು ನಾನಲ್ಲ," ಎಂದಳು.

"ಏನನ್ನ?"

"ಯಾವುದನ್ನೂ. ಒಂದಕ್ಷರಾನೂ ನನ್ನದಲ್ಲ. ಎಲ್ಲ ನಿನ್ನ ಚಿಕ್ಕಮ್ಮಂದು."

ಮಗಳು ಚಿಕ್ಕಮ್ಮನ ಕಡೆ ತಿರುಗಿದಳು. ವಾರಗಿತ್ತಿ ಅಲ್ಲೇ ತೂಗಿದ್ದ ಯಾರದೋ ಕೋಟಿನ ಹಿಂದೆ ಮುಖ ಮರೆಸಿಕೊಂಡಳು. ಮಗಳು ಮತ್ತೆ ತಾಯಿಯನ್ನು ನೋಡಿದಳು. "ಆಸ್ಪತ್ರೇಲಿದ್ದಾಗ ನನ್ನ ಹತ್ರ ಮಾತಾಡಿದ್ದು?"

"ಅವಳೇ. ನಂಗೆ ಗೊತ್ತೇ ಇರ್ಲಿಲ್ಲ. ನಿನ್ನ ಹೂವಿನ ಫೋಟೊ ನೋಡಿ ಚೆನ್ನಾಗಿದ್ದೀಯ ಅಂದ್ಕೊಂಡಿದ್ದೆ."

ಮಗಳ ಮುಖದಲ್ಲಿದ್ದ ನಗುವಿನ ಕೊನೆಯ ಚೂರೂ ಅಳಿಸಿಹೋಯಿತು. ಬಗ್ಗಿ ಚೀಲದ ಹಿಡಿಕೆ ಹಿಡಿದಳು. ಎತ್ತಲಿಲ್ಲ. "ಹಾಗಾದ್ರೆ ನಿನ್ನ ಮಾತು ಯಾವುದು ಅಮ್ಮ? ಏನಾದ್ರೂ ಇದೆಯಾ?"

ಲೈಟು ರಫು ಅಕ್ಕನ ಕಣ್ಣಿಗೆ ಹೊಡೆಯುತ್ತಿತ್ತು. ಅಜ್ಜಿಯ ಮಾತುಗಳೆಲ್ಲ ಸಾಲಾಗಿ ನೆನಪಿಗೆ ಬಂದವು, ಚಿನ್ನ, ಕಂದ, ಹಣೆಯ ಮೇಲಿನ ಕೈ. ಒಂದೂ ಬಾಯಿಗೆ ಹಿಡಿಸಲಿಲ್ಲ. ತನ್ನ ಮಾತು ಯಾವುದೆಂದು ಹುಡುಕಿದಳು. ಇಷ್ಟು ದಿನ ತನ್ನ ಬಾಯಲ್ಲಿ ಬೇರೆಯವರು ಮಾತಾಡಿ ಮಾತಾಡಿ, ತನ್ನದು ಎಲ್ಲಿಟ್ಟಿದ್ದೇನೆಂದೇ ತಿಳಿಯದಂತಾಗಿತ್ತು.

"ಗೊತ್ತಾಗ್ತಿಲ್ಲ," ಎಂದಳು ಕೊನೆಗೆ. "ಆ ರಫು ಚೆನ್ನಾಗಿರ್ಲಿಲ್ಲ. ಅದು ಈಗ್ಲೂ ನಿಜ. ಚಿನ್ನ ಗಿನ್ನ ಏನೂ ಇರ್ಲಿಲ್ಲ."

"ಅಯ್ಯೋ ಅಕ್ಕಾ," ಎಂದಿತು ಕೋಟಿನ ಹಿಂದಿನ ದನಿ.

"ಆದ್ರೆ ಅದನ್ನ ನಿನ್ನ ಮಡಿಲಿಗೆ ಹಾಕಿ ನಾನು ಒಳಗೆ ಹೋಗ್ಬೇಕಿತ್ತು. ನಿನ್ನಜ್ಜಿ ನಂಗೆ ಹಾಗೇ ಮಾಡ್ತಿದ್ದಿದ್ದು. ಬಿಚ್ಚೋ ಕೈ ನಿಂದಾಗ್ಬೇಕಿತ್ತು. ನಾನು ಬಿಚ್ಚಿದೆ, ಅದೂ ಬೇರೆಯವರು ನಗ್ಲಿ ಅಂತ ಬಿಚ್ಚಿದೆ. ಅದು ತಪ್ಪು." ಉಸಿರು ತೆಗೆದುಕೊಂಡಳು. "ಆಸ್ಪತ್ರೇಲಿ ನಾನಿದ್ದಿದ್ರೆ ನಿನ್ನ ಬೈತಿದ್ದೆ. ಆದ್ರೆ ಇರ್ತಿದ್ದೆ."

ಪಕ್ಕದಂಗಡಿಯಲ್ಲಿ ಬೀಗದ ಕೈ ಉಜ್ಜುವ ಸದ್ದು ಕೇಳುತ್ತಿತ್ತು. ವಾರಗಿತ್ತಿ ಕೋಟಿನ ಹಿಂದಿನಿಂದ ಮೂಗೊರೆಸಿಕೊಳ್ಳುತ್ತ ಹೊರಬಂದಳು. ಅಭ್ಯಾಸ ಎಷ್ಟು ಕೆಟ್ಟದ್ದೆಂದರೆ, ಬಿಕ್ಕುತ್ತಲೇ ಕೇಳಿದಳು, "ಅಕ್ಕಾ, ಅದನ್ನ ಇನ್ನೊಂದ್ಸಲ ಹೇಳ್ತೀರಾ? ಫೋನು ಆನ್ ಆಗಿರ್ಲಿಲ್ಲ."

"ಚಿಕ್ಕಮ್ಮ," ಎಂದಳು ಮಗಳು, "ಮೊದ್ಲು ಆ ಲೈಟ್ ಆರಿಸಿ."

ಲೈಟು ಆರಿತು. ಕಿಟಕಿಯ ಮಾಮೂಲಿ ಬೆಳಕು ಉಳಿಯಿತು. ಮಗಳು ಚೀಲ ಬಿಟ್ಟು, ಇಸ್ತ್ರಿ ಮೇಜಿನ ಮೇಲಿದ್ದ ಟವಲನ್ನು ಬಲಗೈಯಲ್ಲಿ ತೆಗೆದುಕೊಂಡು, ತಾಯಿಯನ್ನು ಗಿಡ್ಡ ಕುರ್ಚಿಯಲ್ಲಿ ಕೂರಿಸಿದಳು. ಕನ್ನಡಕ ತೆಗೆದಿಟ್ಟಳು. ಶಾಲು ತೆಗೆದಿಟ್ಟಳು.

"ತಲೆ ಬಗ್ಗಿಸು. ಆ ಪೌಡರ್ ಒರೆಸ್ತೀನಿ. ಆಮೇಲೆ ನಿನ್ನ ಹತ್ರ ಜಗಳ ಆಡೋದಿದೆ. ಈ ಅಜ್ಜಿ ಹತ್ರ ಆಡೋಕಾಗಲ್ಲ."

ತಾಯಿ ತಲೆ ಬಗ್ಗಿಸಿದಳು. ಮಗಳು ಟವಲು ಒದ್ದೆ ಮಾಡಿಕೊಂಡು ಒರೆಸಿದಳು. ಮೊದಲ ಸಲ ಟವಲಿಗೆ ಬಿಳಿ ಹತ್ತಿತು. ಮಡಚಿ ಒರೆಸಿದಳು. ಎರಡನೆಯ ಸಲ ಏನೂ ಹತ್ತಲಿಲ್ಲ. ಕಿವಿಯ ಪಕ್ಕ, ಬೈತಲೆಯ ಉದ್ದಕ್ಕೂ, ನೆತ್ತಿಯ ಮೇಲೆ ಕೂದಲು ಹಾಗೇ ಬೆಳ್ಳಗಿತ್ತು. ಅವಳು ಹೊರಟುಹೋದಾಗ ಅಲ್ಲೆಲ್ಲ ಕಪ್ಪಿತ್ತು.

"ಅಮ್ಮಾ, ಇದು ಹೋಗ್ತಿಲ್ಲ."

"ದರಿದ್ರ ಪೌಡರು, ಎಷ್ಟು ಸಲ ಹೇಳಿದ್ದೀನಿ ನಿನ್ನ ಚಿಕ್ಕಮ್ಮಂಗೆ, ಬೇರೆ ತಾ ಅಂತ," ಎಂದಳು ತಾಯಿ ಬಗ್ಗಿಸಿದ ತಲೆಯಲ್ಲೇ. "ಗಟ್ಟಿಯಾಗಿ ತಿಕ್ಕು."

ಮಗಳು ತಿಕ್ಕಲಿಲ್ಲ. ಟವಲನ್ನು ಕೆಳಗಿಟ್ಟು ಬರಿಗೈಯನ್ನು ಆ ತಲೆಯ ಮೇಲೆ ಇಟ್ಟಳು.